ಹೊಸಬರೂ ಹೊಣೆಗಾರಿಕೆಯೂ

ಹತ್ತು ಜನರು ಕೂಡಿ ನಡೆಸುತ್ತಿರುವ ಕಾರ್ಯಕ್ಕೆ ಹನ್ನೊಂದನೆಯವನೊಬ್ಬನು ಬಂದು ತಾನೂ ಸೇರುವೆನೆಂದಾಗ ಮೊದಲಿನ ಹತ್ತು ಜನರ ಕರ್ತವ್ಯವೇನು? ಪ್ರಶ್ನೆಯು ಮೇಲ್ನೋಟಕ್ಕೆ ಸರಳವಾಗಿ ತೋರುತ್ತದೆ. ಬಂದವರನ್ನು ಆದರಿಸುವುದು ನಮ್ಮ ನಾಡಿನ ನಡೆವಳಿ. ಆದುದರಿಂದ ಅವನನ್ನೂ ಸೇರಿಸಿಕೊಳ್ಳಬೇಕೆಂದು ಯಾರಾದರೂ ಹೇಳಿಯಾರು. ಆದರೆ ಅವರು ಮಾಡುತ್ತಿರುವ ಕೆಲಸದಲ್ಲಿ ಒಂದು ಕೈ ತಪ್ಪಿದರೆ, ಎಲ್ಲಿಯೋ ದೂರದಲ್ಲಿ ಮಲಗಿರುವ ರೋಗಿಯ ಪ್ರಾಣಕ್ಕೆ ಸಂಚಕಾರ ಬರುವಂತಿದ್ದರೆ ಆಗಲೂ ಅದೇ ಉತ್ತರವನ್ನು ಅಷ್ಟೇ ನಿರಾತಂಕವಾಗಿ ಹೇಳಲು ಸಾಧ್ಯವೆ? ರೋಗಿಗಳ ದಾಖಲೆಯನ್ನು ಕಾಯ್ದಿಡುವ ಗಣಕಯಂತ್ರದ ತಂತ್ರಾಂಶವನ್ನು ಜಗತ್ತಿನ ನಾನಾ ದೇಶಗಳ ಜನರು ಕೂಡಿ ಕಟ್ಟಿ ಎಲ್ಲರಿಗೂ ಬಿಟ್ಟುಕೊಡುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಯು ನಿಜವಾಗಿಯೂ ನಮ್ಮ ಮುಂದೆ ನಿಂತಿದೆ. ಅದನ್ನು ಕೊಂಚ ನಿಧಾನವಾಗಿ ವಿಚಾರಿಸುವುದು ಉಚಿತವಾದೀತು.

ಇದು ಪಟ್ಟಣದ ವಿದ್ಯಾವಂತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಓದುಗರು ಭಾವಿಸಬಾರದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಮಳೆ ಕಡಿಮೆಯಾದ, ಕಲ್ಲುಗುಡ್ಡಗಳು ಹೆಚ್ಚಾದ ಈ ಸೀಮೆಯಲ್ಲಿ ಕಾಯಿಲೆ ಬಿದ್ದವನು ಒಬ್ಬನೇ ವೈದ್ಯನನ್ನು ನಂಬಿ ಕುಳಿತಿರಲಾರನು. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಆಮೇಲೆ ತುಮಕೂರಿನ ಜಿಲ್ಲಾ ಆಸ್ಪತ್ರೆ, ಕೊನೆಗೆ ಬೆಂಗಳೂರು. ಪಾವಗಡವನ್ನಂತೂ ಆಂಧ್ರಪ್ರದೇಶದ ನೆಲವು ಬಹುಪಾಲು ಸುತ್ತುವರಿದಿದೆ. ಗಡಿಯ ಹಳ್ಳಿಗಳವರಿಗೆ ಹಿಂದೂಪುರ, ಮಡಕಶಿರಾಗಳೂ ಹತ್ತಿರವೇ. ಹೀಗಾಗಿ ಒಂದೆಡೆಯ ಚೀಟಿಯು ಕನ್ನಡದಲ್ಲಿ, ಮತ್ತೊಂದೆಡೆಯದು ತೆಲುಗಿನಲ್ಲಿ, ಔಷಧಿಯ ಹೆಸರು ಎಲ್ಲೆಡೆಯೂ ಇಂಗ್ಲಿಷಿನಲ್ಲಿ. ಈ ಚೀಟಿಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಂದವನ ಮುಂದೆ ಕುಳಿತ ವೈದ್ಯನಿಗೆ, ಹಿಂದೆ ಯಾವ ಮದ್ದನ್ನು ಕೊಟ್ಟಿದ್ದರು, ಯಾವುದು ಈ ಮನುಷ್ಯನ ದೇಹಕ್ಕೆ ಒಗ್ಗಲಿಲ್ಲ ಎಂಬುದು ತಿಳಿಯುವುದು ಹೇಗೆ?

ಕೆಲವು ರೋಗಗಳು ಒಂದು ದಿನದ ಪರೀಕ್ಷೆಗೆ ಸಿಕ್ಕುವಂತಹವೂ ಅಲ್ಲ. ದೀರ್ಘಕಾಲ ಕೊಳವೆಬಾವಿಯ ನೀರನ್ನೇ ನೆಚ್ಚಿಕೊಂಡಿದ್ದ ಪಾವಗಡ ಸೀಮೆಯಲ್ಲಿ ಫ್ಲೋರೈಡಿನ ಬಾಧೆಯು ಎಲ್ಲರೂ ಬಲ್ಲ ಸಂಗತಿ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರಬಾರದೆಂಬುದು ನಮ್ಮ ದೇಶದ ಮಾನಕ. ಈ ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದವರ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ವರುಷಗಳು ಕಳೆದಂತೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇಂದು ಮಂಡಿನೋವೆಂದು ಬಂದವಳು ಐದು ವರುಷಗಳ ಹಿಂದೆಯೂ ಅದೇ ನೋವಿನಿಂದ ಬಂದಿದ್ದಳು, ಅವಳ ಊರಿನ ಇತರರೂ ಹಾಗೆಯೇ ಬರುತ್ತಿದ್ದಾರೆ ಎಂಬುದನ್ನು ನೆನಪಿಟ್ಟು ಹೇಳುವವರು ಯಾರು? ವೈದ್ಯರಿಗೆ ವರ್ಗವಾಗುತ್ತದೆ, ಚೀಟಿಗಳು ಹರಿದುಹೋಗುತ್ತವೆ. ಉಳಿಯುವ ನೆನಪೆಂದರೆ ಕ್ರಮವಾಗಿ ಬರೆದಿಟ್ಟ ದಾಖಲೆಯೊಂದೇ. ಭಾರತ ಸರ್ಕಾರವು ಇಂತಹ ದಾಖಲೆಗಳ ಮಾನಕಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಯೋಜನೆಯನ್ನು ದೇಶಕ್ಕೆಲ್ಲ ವಿಸ್ತರಿಸಿ, ಒಬ್ಬೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡುವ ವ್ಯವಸ್ಥೆಯನ್ನು ಮಾಡಿತು.

ಇಂತಹ ದಾಖಲೆಯನ್ನು ಇಡುವ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳಬಹುದು. ಬಡವರ ಆಸ್ಪತ್ರೆಗಳಿಗೆ ಅದು ಎಟುಕದು. 2004ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ರೀಜನ್‌ಸ್ಟ್ರೀಫ್ ಸಂಸ್ಥೆಯ ವೈದ್ಯರಾದ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಯೋಂಡಿಕ್ ಎಂಬವರು ಆಫ್ರಿಕ ಖಂಡದ ಕೀನ್ಯಾ ದೇಶದ ಎಲ್ಡೊರೆಟ್ ಎಂಬ ಊರಿಗೆ ಹೋದರು. ಅಲ್ಲಿ ಎಚ್.ಐ.ವಿ. ಸೋಂಕಿಗೆ ಚಿಕಿತ್ಸೆ ಪಡೆಯುವವರ ಸಂಖ್ಯೆ ದಿನೇ ದಿನೇ ಏರುತ್ತಿದ್ದು, ಇದ್ದ ದಾಖಲೆಯ ಏರ್ಪಾಡು ಆ ಭಾರವನ್ನು ಹೊರಲಾರದಾಗಿತ್ತು. ಆ ಕೊರತೆಯನ್ನು ನೀಗಲು ಅವರು ತೊಡಗಿದ ಪ್ರಯತ್ನಕ್ಕೆ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆಯ ಹೇಮಿಶ್ ಫ್ರೇಸರ್ ಮೊದಲಾದವರೂ ಕೈಗೂಡಿಸಿದರು. ಹೀಗೆ ಹುಟ್ಟಿದ್ದೇ ಓಪನ್ ಎಂ.ಆರ್.ಎಸ್. ಎಂಬ ಮುಕ್ತ ತಂತ್ರಾಂಶ. 2006ರಲ್ಲಿ ಎಲ್ಡೊರೆಟ್ಟಿನಲ್ಲಿಯೂ, ಅದೇ ವರ್ಷ ರುವಾಂಡಾದಲ್ಲಿಯೂ ಅದು ಬಳಕೆಗೆ ಬಂದಿತು. ಇಂದು ಹಲವು ಹತ್ತು ದೇಶಗಳಲ್ಲಿ ಅದು ಕೆಲಸ ಮಾಡುತ್ತಿದೆ.

ಕನ್ನಡ ನಾಡಿಗೂ ಈ ಕಾರ್ಯಕ್ಕೂ ನೇರವಾದ ನಂಟೊಂದುಂಟು. ಛತ್ತೀಸಗಢದ ಬಿಲಾಸಪುರದ ಬಳಿಯ ಗನಿಯಾರಿ ಎಂಬಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆಯು ಹಳ್ಳಿಯ ಬಡವರಿಗಾಗಿ ಆಸ್ಪತ್ರೆಯನ್ನು ನಡೆಸುತ್ತಿದೆ. ಆ ಆಸ್ಪತ್ರೆಯ ಅಗತ್ಯಗಳನ್ನು ಮುಂದಿಟ್ಟುಕೊಂಡು, ಥಾಟ್‌ವರ್ಕ್ಸ್ ಸಂಸ್ಥೆಯ ಬೆಂಗಳೂರಿನ ತಂತ್ರಜ್ಞರು ಓಪನ್ ಎಂ.ಆರ್.ಎಸ್. ಅನ್ನು ತಳಪಾಯವಾಗಿ ಮಾಡಿಕೊಂಡು, ಪ್ರಯೋಗಾಲಯದ ಕೆಲಸಕ್ಕೆ ಒಂದು, ಲೆಕ್ಕಪತ್ರಕ್ಕೆ ಒಂದು ಹೀಗೆ ಬೇರೆ ಮುಕ್ತ ತಂತ್ರಾಂಶಗಳನ್ನೂ ಅದಕ್ಕೆ ಜೋಡಿಸಿ, ಬಹ್ಮ್ನಿ ಎಂಬ ಹೆಸರಿನ ಆಸ್ಪತ್ರೆ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ನೇಪಾಳ, ಬಾಂಗ್ಲಾದೇಶಗಳ ಆಸ್ಪತ್ರೆಗಳಿಗೂ ಅದು ಹೋಯಿತು.

ಮುಕ್ತ ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ತಂತ್ರಾಂಶವು ಮುಕ್ತವೆಂದರೆ ರೋಗಿಯ ಗುಟ್ಟು ಬಯಲಿಗೆ ಬಿದ್ದಿತೆಂದು ಹಲವರು ಅಂಜುತ್ತಾರೆ. ನಮ್ಮ ಕೆರೆಗಳ ನಿದರ್ಶನದಿಂದ ಈ ಸಂದೇಹವನ್ನು ಪರಿಹರಿಸಿಕೊಳ್ಳಬಹುದು. ಕೆರೆಯ ತೂಬನ್ನು ಹೇಗೆ ಕಟ್ಟಿದೆ ಎಂಬುದು ಊರಿಗೆಲ್ಲ ಗೊತ್ತು. ಯಾರು ಬೇಕಾದರೂ ನೋಡಬಹುದು, ಕಲ್ಲು ಸಡಿಲಿದ್ದರೆ ಹೇಳಬಹುದು. ಆದರೆ ತೂಬನ್ನೆತ್ತಿ ನೀರು ಬಿಡುವ ಅಧಿಕಾರ ನೀರಗಂಟಿಗೆ ಮಾತ್ರ ಇತ್ತು. ಹಾಗೆಯೇ ತಂತ್ರಾಂಶದ ರಚನೆಯು ಎಲ್ಲರ ಕಣ್ಣಿಗೆ ತೆರೆದಿರುತ್ತದೆ; ರೋಗಿಯ ವಿವರವು ಆಯಾ ಆಸ್ಪತ್ರೆಯ ಸುಪರ್ದಿನಲ್ಲಿ, ಅಧಿಕಾರವುಳ್ಳವರಿಗೆ ಮಾತ್ರ ಕಾಣುವಂತೆ ಇರುತ್ತದೆ. ಇರಬೇಕಾದುದೂ ಹಾಗೆಯೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಓಪನ್ ಎಂ.ಆರ್.ಎಸ್. ಬಳಗಕ್ಕೆ ಹೊಸಬರು ಸತತವಾಗಿ ಬರುತ್ತಿದ್ದಾರೆ. ಬಹುಮಂದಿ ವಿದ್ಯಾರ್ಥಿಗಳು, ಹೆಚ್ಚಿನವರು ಆಸ್ಪತ್ರೆಯ ಒಳಗನ್ನು ರೋಗಿಯಾಗಿಯಲ್ಲದೆ ಕಂಡವರಲ್ಲ. ಅವರಲ್ಲಿ ಒಬ್ಬನು ಔಷಧದ ಪ್ರಮಾಣವನ್ನು ತೋರಿಸುವ ಭಾಗವನ್ನು ತಿದ್ದಲು ಹೋಗಿ, ಮಗುವಿನ ತೂಕವನ್ನು ಕಿಲೋಗ್ರಾಂ ಎಂದು ತಿಳಿಯಬೇಕಾದಲ್ಲಿ ಗ್ರಾಂ ಎಂದು ತಿಳಿಯುವಂತೆ ಮಾಡಿಬಿಟ್ಟನೆನ್ನಿ. ಅವನಿಗೆ ಅದು ಒಂದು ಸಾಲಿನ ತಪ್ಪು. ಅದರ ಫಲವನ್ನು ಉಣ್ಣುವುದು ಅವನು ಎಂದೂ ಕಾಣದ ಮಗು. ಇದನ್ನು ನೆನೆದವರು, ಇಂತಹ ಕಾರ್ಯಕ್ಕೆ ಪಳಗಿದವರು ಮಾತ್ರ ಸಾಕು, ಹೊಸಬರು ಕಲಿಯುವುದಿದ್ದರೆ ಬೇರೆಡೆ ಕಲಿತು ಬರಲಿ, ಎನ್ನುತ್ತಾರೆ. ಈ ವಾದವನ್ನು ತಿರಸ್ಕಾರದಿಂದ ತಳ್ಳಿಹಾಕಲಾಗದು. ಅದರಲ್ಲಿ ಹೃದಯವಿದೆ, ದುರ್ಬಲನ ಪ್ರಾಣದ ಬಗೆಗೆ ಕಾಳಜಿಯಿದೆ.

ಆದರೆ ಪಳಗಿದ ಕೈಯೆಂಬುದೊಂದೇ ರೋಗಿಯನ್ನು ಕಾಪಾಡಬಲ್ಲುದೆ? ಇತಿಹಾಸವು ಬೇರೆಯೇ ಪಾಠವನ್ನು ಹೇಳುತ್ತದೆ. ಥೆರಾಕ್-25 ಎಂಬುದು ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ಕೊಡುವ, ಕೆನಡಾ ದೇಶದಲ್ಲಿ ತಯಾರಾದ ಒಂದು ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣವನ್ನು ಹಾಯಿಸಿತು. ಅವರಲ್ಲಿ ಕೆಲವರು ಅದರಿಂದಲೇ ಮಡಿದರು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಎಂಬ ವಿದ್ವಾಂಸರು ಈ ದುರಂತವನ್ನು ಕೂಲಂಕಷವಾಗಿ ಶೋಧಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುವುದೇನು? ಆ ಯಂತ್ರದ ತಂತ್ರಾಂಶವನ್ನು ಬರೆದವನು ಒಬ್ಬನೇ ವ್ಯಕ್ತಿ. ಹಳೆಯ ಯಂತ್ರಗಳಲ್ಲಿ ತಂತ್ರಾಂಶವು ತಪ್ಪಿದರೂ ಅಪಾಯವನ್ನು ತಡೆಯುವ ಬೇರೆ ಕೀಲುಗಳಿದ್ದವು. ತಂತ್ರಾಂಶದ ಮೇಲಿನ ನಂಬಿಕೆಯಿಂದ ಹೊಸದರಲ್ಲಿ ಅವನ್ನು ಕೈಬಿಡಲಾಯಿತು. ಮೊದಲ ದೂರುಗಳು ಬಂದಾಗ, ನಮ್ಮ ಯಂತ್ರದಿಂದ ಹೀಗಾಗಲು ಸಾಧ್ಯವೇ ಇಲ್ಲವೆಂಬ ಉತ್ತರ ದೊರೆಯಿತು. ಅಲ್ಲಿ ಪ್ರಾಣ ತೆಗೆದದ್ದು ಹೊಸಬನ ಅಜ್ಞಾನವಾಗಿರಲಿಲ್ಲ. ಯಾರೂ ಪರೀಕ್ಷಿಸದ ಕೆಲಸ, ಪ್ರಶ್ನೆಯನ್ನು ಸಹಿಸದ ಆತ್ಮವಿಶ್ವಾಸ ಇವೆರಡೂ ಕೂಡಿ ಆ ಅನಾಹುತವನ್ನು ಮಾಡಿದವು.

ಆದುದರಿಂದ ಅಪಾಯವು ಹೊಸತನದಲ್ಲಿ ಇದೆಯೆಂದು ಭಾವಿಸುವುದು ಸರಿಯಲ್ಲ. ಹೊಸಬನೂ ತಪ್ಪುವನು, ಹಳಬನೂ ತಪ್ಪುವನು. ಹೊಸಬನ ಕೆಲಸವನ್ನು ಎಲ್ಲರೂ ಸಂಶಯದಿಂದ ನೋಡುವುದರಿಂದ ಅವನ ತಪ್ಪು ಬೇಗ ಸಿಕ್ಕುತ್ತದೆ. ಹಳಬನ ತಪ್ಪು ಅವನ ಹಿರಿತನದ ಮರೆಯಲ್ಲಿ ಅಡಗಿರುತ್ತದೆ. ಎಲ್ಲರ ಕೆಲಸವೂ ಮತ್ತೊಬ್ಬರ ಕಣ್ಣಿನ ಮುಂದೆ ಹಾದುಹೋಗಲೇಬೇಕೆಂಬ ನಿಯಮವೇ ರೋಗಿಗೆ ನಿಜವಾದ ರಕ್ಷೆ. ಅಂತಹ ನಿಯಮವಿದ್ದಲ್ಲಿ ಹೊಸಬನಿಗೆ ಅಂಜಬೇಕಾದ ಕಾರಣ ಬಹಳಮಟ್ಟಿಗೆ ಇಲ್ಲವಾಗುತ್ತದೆ. ಅಂತಹ ನಿಯಮವಿಲ್ಲದಿದ್ದಲ್ಲಿ ಹೊಸಬನನ್ನು ಹೊರಗಿಟ್ಟರೂ ರೋಗಿಗೆ ಕ್ಷೇಮವಿಲ್ಲ.

ಓಪನ್ ಎಂ.ಆರ್.ಎಸ್. ಬಳಗವು ಈ ತತ್ತ್ವವನ್ನು ಆಚರಣೆಗೆ ತಂದಿರುವ ರೀತಿಯು ಗಮನಾರ್ಹವಾಗಿದೆ. ಹೊಸಬರಿಗೆಂದೇ ಸಣ್ಣ ಸಣ್ಣ ಕೆಲಸಗಳನ್ನು ಗುರುತಿಸಿ ಇಟ್ಟಿರುತ್ತಾರೆ. ಯಾರು ತಿದ್ದಿದರೂ ಅದನ್ನು ಮತ್ತೊಬ್ಬರು ನೋಡಿ ಒಪ್ಪಿದ ಮೇಲೆಯೇ ಮೂಲದಲ್ಲಿ ಸೇರಿಸುತ್ತಾರೆ. ಮಾಡಿದ ಕೆಲಸವನ್ನು ನೋಡಿ ಹಂತಹಂತವಾಗಿ ಹೆಚ್ಚಿನ ಹೊಣೆಯನ್ನು ಒಪ್ಪಿಸುತ್ತಾರೆ. ಆ ತಂತ್ರಾಂಶದ ಒಳರಚನೆಯಲ್ಲಿಯೂ ಇದೇ ವಿವೇಕವು ಕಾಣುತ್ತದೆ. ದಾಖಲೆಯಲ್ಲಿ ತಪ್ಪು ನಮೂದಾದರೆ ಸಾಮಾನ್ಯವಾಗಿ ಅದನ್ನು ಅಳಿಸಿಬಿಡುವುದಿಲ್ಲ. ರದ್ದಾಯಿತೆಂದು ಗುರುತಿಸಿ, ಯಾರು ರದ್ದುಮಾಡಿದರು, ಯಾವಾಗ, ಏತಕ್ಕೆ ಎಂಬುದನ್ನು ಬರೆದಿಡಲಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸದೆ, ಓದಲು ಬರುವಂತೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ರುಜು ಹಾಕುವ ಕ್ರಮವನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ತಪ್ಪನ್ನು ಮುಚ್ಚಿಡದ ಏರ್ಪಾಡು ಇದ್ದಲ್ಲಿ, ತಪ್ಪು ಮಾಡಿದವನು ಅಡಗಿಕೊಳ್ಳಬೇಕಾದ ಅಗತ್ಯವೂ ಇರುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳಬರ ಹೊರೆ ಇಳಿಯಲಿಲ್ಲ. ಹೊಸಬನಿಗೆ ಕಲಿಸುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಆ ಕೆಲಸವನ್ನು ತಾನೇ ಮೂರು ಬಾರಿ ಮುಗಿಸಬಹುದೆಂಬುದು ಕಲಿಸಿದವರಿಗೆಲ್ಲ ಗೊತ್ತು. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆಯೇ ನಮ್ಮಲ್ಲಿ ಉಂಟಷ್ಟೆ. ತನ್ನೊಬ್ಬನ ಹೊಲಕ್ಕೆ ಆ ಗಾದೆ ಸಲ್ಲುತ್ತದೆ. ಎಲ್ಲರ ಕೆರೆಗೆ ಅದು ಸಲ್ಲದು. ಕೆರೆಯ ಏರಿಯನ್ನು ಬಲ್ಲವನು ಒಬ್ಬನೇ ಇದ್ದು, ಅವನು ಯಾರಿಗೂ ಕಲಿಸದೆ ಕಣ್ಮುಚ್ಚಿದರೆ, ಮುಂದಿನ ದೊಡ್ಡ ಮಳೆಗೆ ಏರಿ ಒಡೆದೀತು. ಮಧುಗಿರಿ, ಕೊರಟಗೆರೆಗಳ ಕಡೆ ಹೂಳು ತುಂಬಿ ನಿಂತ ಎಷ್ಟೋ ಕೆರೆಗಳನ್ನು ನೋಡಿದಾಗ, ಅವನ್ನು ಕಟ್ಟಿದವರ ಜಾಣ್ಮೆಯನ್ನು ಮೆಚ್ಚುತ್ತೇವೆ. ಆ ಜಾಣ್ಮೆಯು ಮುಂದಿನವರ ಕೈಗೆ ದಾಟದೆ ಹೋದುದಕ್ಕೆ ಮರುಗುತ್ತೇವೆ. ಆದುದರಿಂದ ಹೊಸಬನಿಗಾಗಿ ವ್ಯಯವಾಗುವ ಹೊತ್ತು ನಷ್ಟವಲ್ಲ. ಅದು ಹಳಬನು ಮಾಡಬೇಕಾದ ಕೆಲಸದ ಒಂದು ಭಾಗವೇ ಆಗಿದೆ.

ಇನ್ನೊಂದು ಆಕ್ಷೇಪವಿದೆ. ಬರುವವರೆಲ್ಲ ರೋಗಿಯ ಮೇಲಿನ ಮರುಕದಿಂದ ಬರುತ್ತಾರೆಯೆ? ಗೂಗಲ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ಬೇಸಗೆಯ ಕಾರ್ಯಕ್ರಮವೊಂದರಲ್ಲಿ, ಮುಕ್ತ ತಂತ್ರಾಂಶಕ್ಕೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಹಣ ದೊರೆಯುತ್ತದೆ, ಓಪನ್ ಎಂ.ಆರ್.ಎಸ್. 2007ರಿಂದ ಅದರಲ್ಲಿ ಪಾಲ್ಗೊಂಡಿತು. ಕೆಲವರು ಹಣಕ್ಕಾಗಿ, ಕೆಲವರು ಮುಂದಿನ ಉದ್ಯೋಗಕ್ಕಾಗಿ, ಕೆಲವರು ಹೆಸರಿಗಾಗಿ ಬಂದಾರು. ಸ್ವಾರ್ಥದಿಂದ ಬಂದವನನ್ನು ಒಳಗೆ ಬಿಡಬಹುದೆ? ಬಿಡಬೇಕೆಂದೇ ಹೇಳಬೇಕಾಗುತ್ತದೆ. ಕೂಲಿಗೆ ಬಂದವನು ಹೊತ್ತ ಹೂಳೂ ಕೆರೆಯಿಂದ ಹೊರಗೆ ಹೋದ ಹೂಳೇ. ಅವನ ಮನಸ್ಸನ್ನು ಬಾಗಿಲಲ್ಲಿ ನಿಲ್ಲಿಸಿ ಅಳೆಯಲು ನಮ್ಮಲ್ಲಿ ಯಾವ ತಕ್ಕಡಿಯೂ ಇಲ್ಲ. ಆದರೆ ಬಂದವನಿಗೆ, ತಾನು ಹೂಳೆತ್ತಿದ ಕೆರೆಯ ನೀರು ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೆ ಹರಿಯುವುದನ್ನು ತೋರಿಸುವುದು ಹಳಬರ ಧರ್ಮ. ತನ್ನ ಒಂದು ಸಾಲಿನಿಂದ ಯಾವ ಊರಿನ ಯಾವ ಬಗೆಯ ರೋಗಿಗೆ ಏನು ಒದಗಿತೆಂಬುದನ್ನು ಕಂಡವನು ಬಂದಾಗ ಇದ್ದಂತೆಯೇ ಹಿಂದಿರುಗುವುದು ಕಷ್ಟ.

ಕರ್ತವ್ಯವು ಒಂದು ಕಡೆಗೆ ಮಾತ್ರ ಹರಿಯುವುದಿಲ್ಲ. ಹೊಸಬನಿಗೂ ಹೊಣೆಯುಂಟು. ಹಿಂದಿನವರು ಬರೆದಿಟ್ಟುದನ್ನು ಓದಿದ ಮೇಲೆ ಪ್ರಶ್ನೆಯನ್ನು ಕೇಳಬೇಕು, ಕೇಳಲು ನಾಚಬಾರದು. ತಿದ್ದಿದಾಗ ಮುನಿಯಬಾರದು, ತನ್ನ ಕೆಲಸವನ್ನು ತಿದ್ದಿದವರು ತನ್ನನ್ನು ಹೀನೈಸಿದರೆಂದು ಭಾವಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹಿಡಿದ ಕೆಲಸವನ್ನು ನಡುವೆ ಬಿಟ್ಟು ಕಾಣೆಯಾಗಬಾರದು. ಈ ಕೆಲಸ ನನಗಿರಲೆಂದು ಹೆಸರು ಬರೆಸಿ ಮಾಯವಾದವನು ತಾನೂ ಮಾಡಲಿಲ್ಲ, ಮಾಡಬಲ್ಲವರಿಗೂ ಬಿಡಲಿಲ್ಲ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯಲ್ಲಿ, ನೆರೆಯವನಿಂದ ಒಂದು ದಿನದ ದುಡಿಮೆಯನ್ನು ಪಡೆದು ತನ್ನ ಸರದಿ ಬಂದಾಗ ತಲೆಮರೆಸಿಕೊಂಡವನನ್ನು ಮುಂದಿನ ವರುಷ ಯಾರೂ ಕರೆಯುತ್ತಿರಲಿಲ್ಲ. ಆಗದಿದ್ದರೆ ಆಗಲಿಲ್ಲವೆಂದು ಹೇಳಿ ಹಿಂದಿರುಗಿಸುವುದು ಅವಮಾನವಲ್ಲ, ಅದು ಪ್ರಾಮಾಣಿಕತೆ.

ಹೊಸಬನನ್ನು ಕಲಿಯಬೇಕಾದವನೆಂದು ಮಾತ್ರ ನೋಡುವುದೂ ಅಪೂರ್ಣ ದೃಷ್ಟಿಯೇ. ಹಳಬರ ಕಣ್ಣಿಗೆ ಸಿಕ್ಕದ್ದು ಅವನ ಕಣ್ಣಿಗೆ ಸಿಕ್ಕೀತು. ಹೆಸರೊಂದು, ಮನೆತನದ ಹೆಸರೊಂದು ಎಂದು ಎರಡು ಭಾಗಗಳನ್ನು ಕೇಳುವ ನಮೂನೆಯ ಮುಂದೆ, ತಂದೆಯ ಹೆಸರಿನ ಮೊದಲಕ್ಷರವನ್ನೋ ಊರಿನ ಹೆಸರನ್ನೋ ಬಿಟ್ಟರೆ ಬೇರೆ ಮನೆತನದ ಹೆಸರಿಲ್ಲದ ನಮ್ಮ ಹಳ್ಳಿಗರು ಏನು ಬರೆಸಬೇಕು? ಹುಟ್ಟಿದ ತಾರೀಖು ಗೊತ್ತಿಲ್ಲದ ಅಜ್ಜಿ, ದೊಡ್ಡ ಬರ ಬಂದ ವರುಷ ತನ್ನ ಮದುವೆಯಾಯಿತೆಂದು ಹೇಳಿದರೆ ಏನು ಮಾಡಬೇಕು? ಹುಟ್ಟಿದ ದಿನವು ಅಂದಾಜಿನದೆಂದು ಗುರುತಿಸುವ ಅನುಕೂಲವು ಓಪನ್ ಎಂ.ಆರ್.ಎಸ್.ನಲ್ಲಿ ಇದೆ. ಸುಳ್ಳು ತಾರೀಖನ್ನು ನಿಜವೆಂದು ನಮೂದಿಸುವುದಕ್ಕಿಂತ, ಅಂದಾಜನ್ನು ಅಂದಾಜೆಂದೇ ಬರೆಯುವುದು ಸತ್ಯಕ್ಕೆ ಹತ್ತಿರವಲ್ಲವೆ? ಇಂತಹ ಸಣ್ಣ ಸೂಕ್ಷ್ಮಗಳು ನಮ್ಮಂತಹ ಸೀಮೆಗಳ ಬಾಳನ್ನು ಬಲ್ಲವರು ಒಳಗಿದ್ದಾಗ ಮಾತ್ರ ಹೊಳೆಯುತ್ತವೆ.

ಅದೇ ತಂತ್ರಾಂಶದಲ್ಲಿ ರೋಗ, ಪರೀಕ್ಷೆ, ಔಷಧಗಳ ಹೆಸರುಗಳನ್ನೆಲ್ಲ ಒಂದು ನಿಘಂಟಿನಂತೆ ಜೋಡಿಸಿಡಲಾಗಿದೆ. ಒಂದೇ ವಿಷಯಕ್ಕೆ ಹಲವು ಭಾಷೆಗಳಲ್ಲಿ ಹೆಸರು ಕೊಡಬಹುದು, ಹೊಸ ವಿಷಯವನ್ನು ಸೇರಿಸಲು ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾಗಿಲ್ಲ. ಆದುದರಿಂದ ಈ ಬಳಗವನ್ನು ಸೇರಲು ಎಲ್ಲರೂ ತಂತ್ರಜ್ಞರೇ ಆಗಿರಬೇಕೆಂಬ ನಿಯಮವಿಲ್ಲ. ಫ್ಲೋರೈಡಿನ ಬಾಧೆಯಿರುವ ಊರಿನಲ್ಲಿ ಯಾವ ನೀರನ್ನು ಎಷ್ಟು ವರುಷ ಕುಡಿದಿರಿ ಎಂಬ ಪ್ರಶ್ನೆಯನ್ನೂ ನಮೂನೆಯಲ್ಲಿ ಸೇರಿಸಬೇಕೆಂದು ಹೇಳಬಲ್ಲವರು ಅಲ್ಲಿಯ ದಾದಿ, ಆಶಾ ಕಾರ್ಯಕರ್ತೆ. ಕೀಲುನೋವಿಗೆ ಜನರು ಆಡುವ ಮಾತು ಯಾವುದೆಂದು ಬಲ್ಲವನು ಕನ್ನಡದ ಅಧ್ಯಾಪಕ. ಬಳಸಿ ನೋಡಿ, ಇದು ನನಗೆ ಅರ್ಥವಾಗಲಿಲ್ಲವೆಂದು ಹೇಳುವುದೂ ಒಂದು ಸೇವೆಯೇ. ಬಳಗವು ಇಂತಹವರಿಗೂ ಮಣೆ ಹಾಕದಿದ್ದರೆ, ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಯಿತೆಂದೇ ಅರ್ಥ.

ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬಂದ ತರುಣ ತರುಣಿಯರು ಓದುತ್ತಿದ್ದಾರೆ. ಅವರಲ್ಲಿ ಅನೇಕರು ಚೀಟಿಗಳ ಕೈಚೀಲವನ್ನು ತಮ್ಮ ಮನೆಯಲ್ಲಿಯೇ ಕಂಡವರು. ಅದನ್ನು ಹಿಡಿದು ಅಜ್ಜಿಯ ಜೊತೆಗೆ ಬಸ್ಸು ಹತ್ತಿದವರು. ಇಂಗ್ಲಿಷ್ ಸರಾಗವಾಗಿ ಬಾರದೆಂಬ, ದೊಡ್ಡವರ ಸಭೆಯಲ್ಲಿ ತಮ್ಮ ಮಾತಿಗೇನು ಬೆಲೆಯೆಂಬ ಸಂಕೋಚವು ಅವರನ್ನು ಹಿಂದೆಳೆಯುವುದು ಸಹಜ. ಆ ಸಂಕೋಚವನ್ನು ಬಿಟ್ಟು ಅವರು ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಳ್ಳಲಿ, ಅದನ್ನು ಪೂರ್ತಿಗೊಳಿಸಲಿ, ತಿದ್ದಿಸಿಕೊಳ್ಳಲಿ, ನಾಳೆ ತಮ್ಮ ಹಿಂದೆ ಬರುವವರನ್ನು ತಾಳ್ಮೆಯಿಂದ ತಿದ್ದಲಿ. ಒಳಗಿರುವ ಹಿರಿಯರು, ಅವರ ಮೊದಲ ಪ್ರಶ್ನೆಗೆ ಉತ್ತರಿಸುವ ಹೊತ್ತನ್ನು ರೋಗಿಯ ಆರೈಕೆಗೆ ಕೊಟ್ಟ ಹೊತ್ತೆಂದೇ ಎಣಿಸಲಿ. ಪಾವಗಡದ ಯಾವುದೋ ಹಳ್ಳಿಯಲ್ಲಿ ಮಂಡಿ ಹಿಡಿದು ಕುಳಿತಿರುವ ತಾಯಿಗೆ ಇವರಿಬ್ಬರ ಹೆಸರೂ ಎಂದೂ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅವಳಿಗೆ ಬೇಕಾದುದು, ವೈದ್ಯನ ಮುಂದೆ ಅವಳ ಹಿಂದಿನ ನೋವಿನ ಕಥೆಯು ತಪ್ಪಿಲ್ಲದೆ ತೆರೆದುಕೊಳ್ಳುವುದು. ಅಷ್ಟನ್ನು ಒದಗಿಸುವ ಕಾರ್ಯದಲ್ಲಿ ಹಳಬರಿಗೂ ಹೊಸಬರಿಗೂ ಸಮಪಾಲಿದೆ.